ಕೆಂಪು ಬೆಳಕಿನಲ್ಲಿ ಬಿಳಿ ತಂತಿ

ರಾತ್ರಿ ಹನ್ನೊಂದಾದರೂ ಸಸ್ಕಾಚೆವಾನಿನ ಜೂನ್ ಆಕಾಶ
ಬಾಗಿಲು ಪೂರ್ತಿ ಹಾಕಿರಲಿಲ್ಲ; ಬಡಗಣ ಅಂಚಿನಲ್ಲಿ
ಒಂದು ಸೀಳು ಬೆಳಕು ಸಿಕ್ಕಿಕೊಂಡಿತ್ತು.
ಟ್ರೇಲರಿನ ಮೇಲೆ ನಲವತ್ತೆಂಟು ಪೆಟ್ಟಿಗೆ,
ಬಲೆ ಹೊದಿಸಿ ಪಟ್ಟಿ ಬಿಗಿದಾಗಿದೆ.
ಒಳಗೆ ಜೇನು,
ಕುದಿ ಬರುವ ಮುಂಚೆ ಪಾತ್ರೆ ಗುನುಗುವ ಹಾಗೆ.
ಕನೋಲಾ ಹೊಲ ಇನ್ನೂ ಎಂಬತ್ತು ಕಿಲೋಮೀಟರು.
ಬಿಸಿಲೇರುವುದರೊಳಗೆ ಇಳಿಸಬೇಕು.

ಆಗಲೇ ಎಲಿಸೆಯೋ ಹಿಂದಿನಿಂದ ಕೂಗಿದ್ದು:
"ದೀಪವೇ ಇಲ್ಲ. ಎಡವೂ ಇಲ್ಲ, ಬಲವೂ ಇಲ್ಲ."

ಒರೆಸ್ಟ್ ಮಾಮ ಬೈಯಲಿಲ್ಲ.
ಟೋಪಿ ತೆಗೆದರು, ತಲೆ ಕೆರೆದರು, ಟೋಪಿ ಹಾಕಿಕೊಂಡರು.
ಚಿಕ್ಕಂದಿನಿಂದ ನೋಡಿದ್ದೇನೆ, ಅದೇ ಅವರ ಬೈಗುಳ.

ಬಿಳಿ ಟಾರ್ಚು ಹಚ್ಚುವಂತಿಲ್ಲ.
ಬಲೆಯ ಕಿಂಡಿಗಳಿಂದ ಆಗಲೇ ಒಂದಷ್ಟು ತೆವಳಿ ಬಂದಿವೆ,
ಬೆಳಕು ಕಂಡರೆ ಸೀದಾ ಮುಖಕ್ಕೇ ಏರುತ್ತವೆ.
ಕೆಂಪು ಅವಕ್ಕೆ ಕಾಣದು, ಅದಕ್ಕೇ ನಮ್ಮ ಹಣೆಗೆ ಕೆಂಪು ದೀಪ.
ಆದರೆ ಆ ಕೆಂಪಿನಲ್ಲಿ ನಮಗೆ ಕಾಣುವುದಾದರೂ ಏನು?
ಹಸಿರು ತಂತಿ ಕಪ್ಪು. ನೀಲಿಯೂ ಕಪ್ಪು.
ಹಳದಿ, ಬಿಳಿ, ಒಂದೇ ತಾಯ ಮಕ್ಕಳು.
ಏಳು ತಂತಿ, ಎರಡೇ ಬಣ್ಣ.

"ಬಣ್ಣ ಬಿಡು, ಜಾಗ ಹೇಳು," ಅಂದರು ಮಾಮ.

ಸಾಕೆಟ್ಟಿನ ಮುಚ್ಚಳ ಎತ್ತಿ ಹಿಡಿದೆ. ದುಂಡಗೆ ಆರು, ನಡುವೆ ಒಂದು.
ಕೆರೆದೆವು, ಊದಿದೆವು, ಅಲುಗಿಸಿ ಮತ್ತೆ ಚುಚ್ಚಿದೆವು.
ಬಾನೆಟ್ಟಿನಡಿ ಎಲಿಸೆಯೋ ಫ್ಯೂಸು ಒಂದೊಂದೇ ಕಿತ್ತು ನೋಡಿದ,
ಮಗುವಿನ ಹಾಲುಹಲ್ಲು ಕೀಳುವ ಜೋಪಾನದಲ್ಲಿ.
ಯಾವುದೂ ಸುಟ್ಟಿಲ್ಲ.
ಸೊಳ್ಳೆ ಮಾತ್ರ ನಮ್ಮನ್ನು ಬಿಟ್ಟಿಲ್ಲ.

ಟೆಸ್ಟರಿನ ಕ್ಲಿಪ್ಪು ಬಂಪರಿನ ಬೋಲ್ಟಿಗೆ ಕಚ್ಚಿಸಿ ಚುಚ್ಚಿದರೆ
ಬಲ್ಬು ಹತ್ತಿತು.
ಅದೇ ಕ್ಲಿಪ್ಪು ಸಾಕೆಟ್ಟಿನ ಅರ್ಥಿಂಗ್ ಪಿನ್ನಿಗೆ ಕಚ್ಚಿಸಿದರೆ
ಇಲ್ಲ.
ಬೋಲ್ಟಿಗೆ: ಹತ್ತಿತು. ಪಿನ್ನಿಗೆ: ಇಲ್ಲ.
ಗೊತ್ತಾದ ಮೇಲೂ ಮಾಮ ಮೂರನೆಯ ಸಲ ಮಾಡಿ ನೋಡಿದರು.

ಕರೆಂಟು ಬರುತ್ತಲೇ ಇತ್ತು. ಬಂದು,
ಮರಳುವ ಹಾದಿಯಿಲ್ಲದೆ ಹೊಸ್ತಿಲಲ್ಲೇ ನಿಂತಿತ್ತು.
ಬಂದ ದಾರಿಗೆ ಸುಂಕವಿಲ್ಲ ಅನ್ನುತ್ತಾರೆ.
ಹಾಗಾದರೆ ಇಲ್ಲಿ ಕಟ್ಟೆ ಕಟ್ಟಿ ಕೂತವರು ಯಾರು?

ಜಲ್ಲಿಯ ಮೇಲೆ ಬೆನ್ನು ಹಾಸಿ ಟ್ರಕ್ಕಿನಡಿ ಸರಿದೆ,
ಕಣ್ಣಿಗೆ ಸಿಗದ ಬಿಳಿಯನ್ನು ಬೆರಳಿನಲ್ಲೇ ಹಿಡಿದು ಹೋದೆ:
ಕೆಸರು ಒಣಗಿದ ಕಡೆ ಒರಟು, ಟೇಪು ಸುತ್ತಿದ ಕಡೆ ಅಂಟು,
ಚೇಸಿಯ ಒಳಮಗ್ಗುಲಲ್ಲಿ ಒಂದು ಉಂಗುರ, ಒಂದು ಸ್ಕ್ರೂ.
ಬಿಗಿಯಾಗೇ ಇತ್ತು. ಭದ್ರವಾಗೇ ಇತ್ತು.
ಉಂಗುರದಡಿ ಮಾತ್ರ ಉಗುರಿಗೆ ನುಣ್ಣಗೆ ತಾಗಿತು.

ಏಪ್ರಿಲಿನಲ್ಲಿ ತುಕ್ಕು ಉಜ್ಜಿ ಚೇಸಿಗೆ
ಎರಡು ಕೋಟು ಬಣ್ಣ ಬಳಿದವಳು ನಾನು.
ಬಣ್ಣ ಆರಿದ ಮೇಲೆ ಸ್ಕ್ರೂ ತಿರುಗಿಸಿದವಳೂ ನಾನೇ.
ಇಷ್ಟು ದಿನ ಹಿಚ್ಚಿನ ಗುಂಡಿನ ಮೇಲೆ ಹಾದು
ಕಳ್ಳದಾರಿಯಲ್ಲಿ ಹೇಗೋ ಮರಳುತ್ತಿತ್ತು, ಪಾಪ.
ನಿನ್ನೆ ಆ ಗುಂಡಿಗೆ ಕೈತುಂಬ ಗ್ರೀಸು ಸವರಿದ್ದು
ಯಾರು ಅಂತ ನೀವೇ ಊಹಿಸಿ.

ಸ್ಕ್ರೂ ಬಿಚ್ಚಿದೆ. ಚಾಕುವಿನ ತುದಿಯಿಂದ
ನಾಣ್ಯದಗಲ ಜಾಗ ಹೆರೆದೆ, ಕಬ್ಬಿಣ ಕಿರ್ರೆನ್ನುವ ತನಕ.
ಎಲಿಸೆಯೋ ಅಂದ: "ಬಂತು."
ಮಾಮ ಬಗ್ಗಿ ನೋಡಿದರು, ತಲೆಕೆಳಗಾದ ಅವರ ಮುಖ:
"ಬಣ್ಣ ಮಾತ್ರ ಬಲು ಚೆನ್ನಾಗಿ ಕೂತಿದೆ, ಸ್ಲಾವ್ಕಾ."

ಹೊರಟೆವು. ನಾನು ಹಿಂದಿನ ಜೀಪಿನಲ್ಲಿ,
ಎರಡು ಕೆಂಪು ದೀಪಗಳ ಮೇಲೆ ಕಣ್ಣಿಟ್ಟು.
ಬ್ರೇಕು ಒತ್ತಿದಾಗಲೆಲ್ಲ ಅವು ದಪ್ಪಗಾಗುತ್ತಿದ್ದವು.
ರೈಲು ದಾಟುವಲ್ಲಿ ಟ್ರಕ್ಕು ನಿಂತಿತು. ಹತ್ತಿರಕ್ಕೆ ಹೋದೆ.
ಎಡದೀಪದ ಗಾಜಿನ ಮೇಲೆ ಜೇನೊಂದು,
ಹೊಳೆಯುವ ಆ ಕೆಂಪಿನಲ್ಲಿ,
ಕತ್ತಲಲ್ಲಿ ಗೋಡೆ ತಡವುವವರಂತೆ ನಡೆಯುತ್ತಿತ್ತು.